ತೂಕದ ಇಂಜೆಕ್ಷನ್‌ಗೆ ಮೊದಲು ಟೇಪು ಹಿಡಿಯಿರಿ

ಪುಣೆಯ ಕೋಥ್ರೂಡ್‌ನ ನನ್ನ ಔಷಧಿ ಅಂಗಡಿಯಲ್ಲಿ ಈಗ ದಿನಕ್ಕೊಬ್ಬರಾದರೂ ದನಿ ತಗ್ಗಿಸಿ ಕೇಳುತ್ತಾರೆ, "ಆ ವಾರಕ್ಕೊಂದು ಇಂಜೆಕ್ಷನ್ ಇದೆಯಾ?" ಕೇಳುವುದು ತೂಕ ಇಳಿಸುವ ಸೆಮಾಗ್ಲುಟೈಡ್ ಬಗೆಯ ಔಷಧಿಯನ್ನು. ಹೆಚ್ಚಿನವರಿಗೆ ಮನೆಯಲ್ಲಿ ಮದುವೆ ಹತ್ತಿರ ಬಂದಿರುತ್ತದೆ. ಭಾವ ಮಾತ್ರ ದನಿ ತಗ್ಗಿಸಲಿಲ್ಲ. ಹಡಪ್ಸರ್‌ನಲ್ಲಿ ಮೂವತ್ತು ವರ್ಷದಿಂದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು, ಪಾರ್ಸೆಲ್ ಆರ್ಡರ್ ಕೂಗುವ ದನಿಯಲ್ಲೇ ಕೇಳಿದರು:

"ಮಾರಾಯ, 81 ಕಿಲೋ ಆಯ್ತು. ಆ ಇಂಜೆಕ್ಷನ್ ಉಂಟಾ?"

"ಡಾಕ್ಟರ ಚೀಟಿ ಉಂಟಾ ಭಾವ?"

"ಭಾವನಿಗೂ ಚೀಟಿಯಾ?"

ಭಾವನಿಗೇ ಮೊದಲು ಬೇಕು ಚೀಟಿ. ಮೂರು ವರ್ಷದ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಶುಗರ್ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 6.1. ಇಂಥವರ ಪಾಲಿಗೆ ಇದು ತೂಕದ ಔಷಧಿ ಎನ್ನುವುದಕ್ಕಿಂತ ಹೃದಯದ ಔಷಧಿ. ಹಾಗಾಗಿ ಮದುವೆಯ ಸೀರೆಗೋ ಶೆರ್ವಾನಿಗೋ ಇದನ್ನು ಕೇಳುವವರನ್ನು ಇವತ್ತಿಗೆ ಬದಿಗಿಟ್ಟು, ಭಾವನಂಥವರು ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು ಎಂದು ಬರೆಯುತ್ತಿದ್ದೇನೆ.

ಮೊದಲು ಟೇಪು

ದರ್ಜಿಯ ಟೇಪು ಸಾಕು. ಬರಿ ಹೊಟ್ಟೆಯ ಮೇಲೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುಮಧ್ಯೆ ಸುತ್ತಿ. ಉಸಿರು ಸಹಜವಾಗಿ ಬಿಟ್ಟಮೇಲೆ ಓದಿ. ಭಾವ "ನನ್ನದು 36" ಎಂದರು. ಅದು ಪ್ಯಾಂಟಿನ ಅಳತೆ. ಬೆಲ್ಟು ಹೊಟ್ಟೆಯ ಕೆಳಗೆ ಜಾರಿ ಕೂತಿತ್ತು. ಟೇಪು 41 ಇಂಚು ತೋರಿಸಿತು, ಅಂದರೆ 104 ಸೆಂಟಿಮೀಟರ್. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಬೇಕು.

ತಕ್ಕಡಿಯನ್ನು ಯಾಕೆ ನಂಬಬಾರದು ಎನ್ನುವುದಕ್ಕೆ ಉತ್ತರ ಪುಣೆಯಲ್ಲೇ ಇದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ಮೈಯಲ್ಲಿನ ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡಲು ಸಣಕಲು, ಒಳಗೆ ಕೊಬ್ಬು: ನಮ್ಮವರ ಮೈಕಟ್ಟೇ ಹಾಗೆ. ಅದಕ್ಕೇ ನಮಗೆ ಬಿಎಂಐ 23ಕ್ಕೇ ತೂಕ ಹೆಚ್ಚು ಅನ್ನುತ್ತಾರೆ, 25ಕ್ಕೆ ಬೊಜ್ಜು.

ಆಮೇಲೆ ಕಾಗದ

ವೈದ್ಯರ ಹತ್ತಿರ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ವಾರ ಬೆಳಿಗ್ಗೆ ಸಂಜೆ ನೋಡಿದ ಬಿಪಿ, ಎಚ್‌ಬಿಎ1ಸಿ, ಕೊಲೆಸ್ಟರಾಲ್, ಮೂತ್ರಪಿಂಡ ಮತ್ತು ಲಿವರಿನ ರಿಪೋರ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಇರಲಿ. ನಾಲ್ಕು ಸಂಗತಿಗಳನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಆಗಿತ್ತೇ? ನಿಮಗೆ ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತೇ, ಪಿತ್ತಕೋಶದಲ್ಲಿ ಕಲ್ಲಿತ್ತೇ? ಶುಗರಿನಿಂದ ಕಣ್ಣಿನ ಪರದೆಗೆ ಪೆಟ್ಟಾಗಿದೆಯೇ? ಮಗು ಬೇಕೆಂದಿದ್ದೀರಾ? ಕೊನೆಯದಕ್ಕೆ ಹೌದು ಎಂದರೆ ಸೆಮಾಗ್ಲುಟೈಡನ್ನು ಗರ್ಭ ಧರಿಸುವ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ಹೃದಯಕ್ಕೆ ಏನು ಸಿಗುತ್ತದೆ

ಊಟವಾದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. ಇನ್ಸುಲಿನ್ ಕಳಿಸು ಎಂದು ಅದು ಮೇದೋಜೀರಕ ಗ್ರಂಥಿಗೆ ಹೇಳುತ್ತದೆ, ನಿಧಾನ ಎಂದು ಹೊಟ್ಟೆಗೆ, ಸಾಕು ಎಂದು ಮೆದುಳಿಗೆ. ಕೆಲವೇ ನಿಮಿಷಗಳಲ್ಲಿ ಕರಗಿಹೋಗುವ ಈ ಹಾರ್ಮೋನಿನ ಕೆಲಸವನ್ನು ವಾರವಿಡೀ ಮಾಡುವುದು ಸೆಮಾಗ್ಲುಟೈಡ್, ಅಂಗಡಿಯಲ್ಲಿ ವೆಗೋವಿ ಮತ್ತು ಓಜೆಂಪಿಕ್ ಹೆಸರಿನಲ್ಲಿ ಬರುವುದು. ಮೌಂಜಾರೋದಲ್ಲಿರುವ ಟಿರ್ಜೆಪಟೈಡ್ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಭಾವನಂಥವರನ್ನೇ ಇಟ್ಟುಕೊಂಡು ನಡೆದ ದೊಡ್ಡ ಪರೀಕ್ಷೆಯ ಹೆಸರು ಸೆಲೆಕ್ಟ್. ಅದರಲ್ಲಿ 17,604 ಜನ ಇದ್ದರು. ಎಲ್ಲರಿಗೂ 45 ದಾಟಿತ್ತು, ಬಿಎಂಐ 27 ಅಥವಾ ಮೇಲಿತ್ತು, ಮೊದಲೇ ಹೃದಯ ಇಲ್ಲವೇ ರಕ್ತನಾಳದ ಕಾಯಿಲೆ ಇತ್ತು, ಶುಗರ್ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಫಲಿತಾಂಶ ಬಂತು: ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು, ಮೂರೂ ಸೇರಿ ಶೇ 20 ಕಡಿಮೆ. ಜಾಹೀರಾತು ಈ 20ನ್ನೇ ಹೇಳುತ್ತದೆ. ಅದನ್ನು ಬಿಡಿಸಿ ನೋಡೋಣ. ಸುಮಾರು ಮೂರೂಕಾಲು ವರ್ಷದಲ್ಲಿ ಬರೀ ನೀರಿನ ಸೂಜಿ ಪಡೆದ 100 ಜನರಲ್ಲಿ 8 ಮಂದಿಗೆ ಇಂಥ ಪೆಟ್ಟು ಬಿತ್ತು, ಔಷಧಿ ಪಡೆದವರಲ್ಲಿ 6.5 ಮಂದಿಗೆ. ಅಂದರೆ ನೂರಕ್ಕೆ ಒಂದೂವರೆ ಜನ ಪೆಟ್ಟಿನಿಂದ ತಪ್ಪಿಸಿಕೊಂಡರು. ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಸಣ್ಣದಲ್ಲ, ಆದರೆ ಸಂಜೀವಿನಿಯೂ ಅಲ್ಲ. ಇದರ ಮೇಲೆಯೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ವೆಗೋವಿಗೆ ಹೃದಯದ ರಕ್ಷಣೆಯ ಒಪ್ಪಿಗೆಯನ್ನೂ ಕೊಟ್ಟಿತು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು 2025ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ, ಅದೇ ಪರೀಕ್ಷೆಯ ಇನ್ನೊಂದು ಲೆಕ್ಕ. ಯಾರ ತೂಕ ಹೆಚ್ಚು ಇಳಿಯಿತೋ ಅವರ ಹೃದಯಕ್ಕೇ ಹೆಚ್ಚು ಲಾಭ ಎಂಬ ನಂಟು ಅಲ್ಲಿ ಕಾಣಲಿಲ್ಲ. ಸೊಂಟದ ಸುತ್ತಳತೆ ಇಳಿದದ್ದರ ಪಾಲು ಮಾತ್ರ ಲಾಭದಲ್ಲಿ ಸುಮಾರು ಮೂರನೇ ಒಂದರಷ್ಟಿತ್ತು. ಉಳಿದದ್ದು ಬಿಪಿ ಇಳಿದದ್ದು, ರಕ್ತನಾಳದ ಉರಿಯೂತ ತಗ್ಗಿದ್ದು ಇಂಥ ದಾರಿಗಳಿಂದ ಬಂದಿರಬಹುದು. ಟೇಪು ಹಿಡಿಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಶುಗರಿನ ಬಾಗಿಲಲ್ಲಿ ನಿಂತವರಿಗೂ ಅಲ್ಲಿ ಒಳ್ಳೆಯ ಸುದ್ದಿ ಇತ್ತು: ಎಚ್‌ಬಿಎ1ಸಿ 6.5 ತಲುಪಿದವರು ಔಷಧಿಯವರಲ್ಲಿ ಶೇ 3.5, ಉಳಿದವರಲ್ಲಿ ಶೇ 12.

ಇನ್ನೊಂದು ಮಾತು. ಈ ಔಷಧಿಯಲ್ಲಿ ನಾಡಿ ನಿಮಿಷಕ್ಕೆ ಕೆಲವು ಬಡಿತ ಏರುತ್ತದೆ. ಅಷ್ಟಕ್ಕೆ ಹೆದರಬೇಕಿಲ್ಲ, ಎದೆ ಢವಢವ ನಿಲ್ಲದೇ ಇದ್ದರೆ ತೋರಿಸಿ.

ಸೂಜಿ, ಫ್ರಿಜ್ಜು, ಹೊಟ್ಟೆ

ವೆಗೋವಿ ವಾರಕ್ಕೆ 0.25 ಮಿಲಿಗ್ರಾಂನಿಂದ ಶುರು. ತಿಂಗಳಿಗೊಂದು ಮೆಟ್ಟಿಲಂತೆ 0.5, 1, 1.7, ಕೊನೆಗೆ 2.4. ಮೌಂಜಾರೋ 2.5ರಿಂದ. ಬೇಗ ಇಳಿಯಲಿ ಎಂದು ಮೆಟ್ಟಿಲು ಹಾರಿದವರು ಬಚ್ಚಲಲ್ಲಿ ಕೂತು ವಾಂತಿ ಮಾಡಿದ್ದನ್ನು ನನ್ನ ಗಿರಾಕಿಗಳೇ ಬಂದು ಹೇಳಿದ್ದಾರೆ. ಸೆಲೆಕ್ಟ್‌ನಲ್ಲೂ ತೊಂದರೆ ತಾಳದೆ ಔಷಧಿ ಬಿಟ್ಟವರು ಶೇ 16.6. ಓಕರಿಕೆ, ಮಲಬದ್ಧತೆ ಸಾಮಾನ್ಯ. ಬೆನ್ನಿಗೆ ಇರಿಯುವಂಥ ಬಿಡದ ಹೊಟ್ಟೆನೋವು ಬಂದರೆ ಮಾತ್ರ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಭಾವ ಭಾನುವಾರ ಬೆಳಿಗ್ಗೆ, ಹೋಟೆಲಿಗೆ ಹೊರಡುವ ಮೊದಲು, ಹೊಕ್ಕುಳಿಂದ ಎರಡು ಬೆರಳು ಬಿಟ್ಟು ಚುಚ್ಚಿಕೊಳ್ಳುತ್ತಾರೆ. ಪ್ರತಿ ವಾರ ಜಾಗ ಬದಲು. ಮೊದಲ ತಿಂಗಳು ಇಂಜೆಕ್ಷನ್ ಪೆನ್ನನ್ನು ಹೋಟೆಲಿನ ಫ್ರಿಜ್ಜಿನಲ್ಲಿಟ್ಟಿದ್ದರು. ಹುಡುಗನೊಬ್ಬ ಅದನ್ನು ಬಟಾಣಿ ಪ್ಯಾಕೆಟ್ಟಿನ ಜೊತೆ ಫ್ರೀಜರಿಗೆ ತಳ್ಳಿದ್ದ. ಹೆಪ್ಪುಗಟ್ಟಿದ ಪೆನ್ನು ಕರಗಿದ ಮೇಲೂ ಕೆಲಸಕ್ಕೆ ಬಾರದು. ಸಾವಿರಾರು ರೂಪಾಯಿ ಕಸದ ಬುಟ್ಟಿಗೆ. ಫ್ರಿಜ್ಜಿನಲ್ಲಿ, ಫ್ರೀಜರಿನಿಂದ ದೂರ, 2ರಿಂದ 8 ಡಿಗ್ರಿಯಲ್ಲಿ ಇಡಿ.

ಹಸಿವು ಸತ್ತಾಗ ಜನ ಎರಡು ಇಡ್ಲಿ, ಒಂದು ಚಹಾದಲ್ಲಿ ದಿನ ದೂಡುತ್ತಾರೆ. ಆಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತಟ್ಟೆಯಲ್ಲಿ ಮೊದಲು ಮೀನೋ ಮೊಟ್ಟೆಯೋ, ಬೇಳೆ ಮೊಸರೋ ಹೋಗಲಿ, ಅನ್ನ ಆಮೇಲೆ. ಇಲ್ಲಿಯವರ ಮಟಕಿ ಉಸಳ್, ಅಂದರೆ ನಮ್ಮ ಮೊಳಕೆ ಬಂದ ಮಡಿಕೆ ಕಾಳಿನ ಪಲ್ಯ, ಇದಕ್ಕೆ ಹೇಳಿಮಾಡಿಸಿದ್ದು. ಅಕ್ಕ ಅವರನ್ನು ವೇತಾಳ ಟೇಕಡಿ ಗುಡ್ಡ ಹತ್ತಿಸುತ್ತಾಳೆ. ಬರೀ ನಡಿಗೆ ಸಾಲದು, ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮವೂ ಇರಲಿ.

ಮಾತ್ರೆ ಮುಟ್ಟಬೇಡಿ, ಕೇಳಿ

ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ವೈದ್ಯರು ಬಿಪಿ ಮಾತ್ರೆ ಕಡಿಮೆ ಮಾಡಬೇಕಾದೀತು. ಶುಗರಿಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಇರುವವರಿಗೆ ಶುಗರ್ ತೀರಾ ಕೆಳಗೆ ಹೋಗುವ ಭಯವಿದೆ. ಆದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ನೀವಾಗಿ ಬಿಡುವಂತಿಲ್ಲ. ಸೆಲೆಕ್ಟ್‌ನ ಲಾಭ ಬಂದದ್ದು ಆ ಮಾತ್ರೆಗಳ ಮೇಲೆ, ಅವುಗಳ ಬದಲಿಗಲ್ಲ. ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ವೈದ್ಯರಿಗೆ ಇಂಜೆಕ್ಷನ್ ವಿಷಯ ಮೊದಲೇ ಹೇಳಿ. ಹೊಟ್ಟೆ ಬೇಗ ಖಾಲಿಯಾಗಿರುವುದಿಲ್ಲ.

ಏಳು ತಿಂಗಳಾದ ಮೇಲೆ ಭಾವ ಮತ್ತೆ ಅಂಗಡಿಗೆ ಬಂದರು. ತೂಕ 73, ಟೇಪು 96, ಬಿಪಿ ಮಾತ್ರೆ ಅರ್ಧ. "ಇನ್ನು ಎಷ್ಟು ದಿನ ಮಾರಾಯ ಇದು?"

ಔಷಧಿ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು, ಬಿಪಿಯೂ ಹಳೆಯ ಜಾಗಕ್ಕೆ ಹೊರಟಿತ್ತು ಎಂದೆ. ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್‌ಗೆ ಆಯುಸ್ಸು 2026ರ ಮಾರ್ಚ್‌ವರೆಗೆ ಮಾತ್ರ, ಆಮೇಲೆ ಬೇರೆ ಕಂಪನಿಗಳದ್ದೂ ಬಂದು ದರ ಇಳಿಯುತ್ತದೆ ಎಂದೂ ಹೇಳಿದೆ. ಆಮೇಲೆ ಕೇಳಿದೆ, "ಸ್ಟ್ಯಾಟಿನ್ ಎಷ್ಟು ದಿನ ಅಂತ ಯಾವತ್ತಾದರೂ ಕೇಳಿದ್ದೀರಾ ಭಾವ?"

"ಅದು ಅಗ್ಗ ಅಲ್ವಾ," ಅಂದರು ಭಾವ, ಪರ್ಸ್ ತೆಗೆಯುತ್ತ.