ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 33 ಸೆಂಟಿಮೀಟರ್ ದಾರ

ಮೈಸೂರಿನಲ್ಲಿ ಹದಿನೈದು ವರ್ಷದಿಂದ ಟಿಕೆಟ್ ಬುಕಿಂಗ್ ಮಾಡುತ್ತಿದ್ದೇನೆ. ದೂರ, ಹಾರಾಟದ ಸಮಯ ನಾನೇ ಲೆಕ್ಕ ಹಾಕ್ತೀನಿ ಅಂದಾಗ ಜೊತೆಯವರು, "ಎಲ್ಲಾ ಸಿಸ್ಟಮ್‌ನಲ್ಲೇ ಬರುತ್ತಲ್ವಾ? ನಿಮಗ್ಯಾಕ್ರೀ ಈ ಉಸಾಬರಿ?" ಅಂದಿದ್ದರು. ಸಿಸ್ಟಮ್ ತೋರಿಸುವುದು ವೇಳಾಪಟ್ಟಿ. ಡಿಸೆಂಬರ್‌ನಲ್ಲಿ ಗಾಳಿ ಎಷ್ಟು ತಡ ಮಾಡಿಸುತ್ತದೆ ಅಂತ ಅದು ಹೇಳಲ್ಲ.

ಆ ಪಾಠ ಕಲಿತದ್ದು ದುಡ್ಡು ಕೊಟ್ಟು. ವಯಸ್ಸಾದ ದಂಪತಿಗೆ ಯುರೋಪ್ ಮೇಲಿಂದ ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದೆ. ಒಂಬತ್ತು ಸಾವಿರ ಉಳಿಯುತ್ತಿತ್ತು. ನಡುವೆ ಎರಡು ಗಂಟೆ ಬಿಟ್ಟಿದ್ದೆ. ಎದುರುಗಾಳಿಗೆ ಮೊದಲ ವಿಮಾನ ಸುಮಾರು 50 ನಿಮಿಷ ತಡವಾಯಿತು. ಟಿಕೆಟ್ ಬೇರೆ ಬೇರೆ ಆದ್ದರಿಂದ ಉಳಿದ ಸಮಯದಲ್ಲಿ ಮತ್ತೆ ಚೆಕ್-ಇನ್ ಮಾಡಲಾಗದೆ ಮುಂದಿನದು ತಪ್ಪಿತು. ಹೊಸ ಟಿಕೆಟ್‌ಗೆ ಅರವತ್ತು ಸಾವಿರದ ಹತ್ತಿರ ಬಿತ್ತು. ನಾನೇ ಕಟ್ಟಿದೆ, ಮೂರು ಕಂತಿನಲ್ಲಿ.

ಆಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ ಅಂತ ಲೆಕ್ಕ ಹಾಕಲು ಎಕ್ಸೆಲ್ ಹಿಡಿದು ಕೂತೆ. ಮೊದಲ ಉತ್ತರ ಐದು ಸಾವಿರ ಕಿ.ಮೀ. ಚಿಲ್ಲರೆ! ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ತಂದು ದಾರ ಎಳೆದೆ. ಹೂ ಕಟ್ಟುವ ದಾರ ಹಿಗ್ಗುತ್ತದೆ, ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರವೇ ಸರಿ. ಎರಡೂ ಊರಿನ ಹತ್ತಿರ ಪೆನ್ನಿನಲ್ಲಿ ಗುರುತು ಹಾಕಿ ಸ್ಕೇಲ್ ಮೇಲಿಟ್ಟರೆ 33 ಸೆಂ.ಮೀ. ಒಂದು ಸೆಂ.ಮೀ.ಗೆ 425 ಕಿ.ಮೀ. ಹಿಡಿದರೆ ಸುಮಾರು 14,000. ಎಕ್ಸೆಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶ 122.4 ಪಶ್ಚಿಮಕ್ಕೆ ಮೈನಸ್ ಹಾಕೋದು ಮರೆತಿದ್ದೆ. ನನ್ನ ವಿಮಾನ ಚೀನಾದ ಕಡಲಂಚಿಗೆ ಹೋಗಿ ನಿಂತಿತ್ತು. ಸರಿಪಡಿಸಿದ ಮೇಲೆ ಅದೂ 13,990ರ ಆಸುಪಾಸು ಬಂತು.

ಗೋಡೆಯ ಮ್ಯಾಪ್ ಮೇಲಿನ ನೇರ ಗೆರೆ ಪೆಸಿಫಿಕ್ ಅಡ್ಡ ದಾಟುತ್ತದೆ. ಆ ದಾರಿಯಲ್ಲಿ ಹೋದರೆ ಎರಡು ಸಾವಿರ ಕಿ.ಮೀ. ಜಾಸ್ತಿ. ದಾರ ಮಾತ್ರ ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ಕಡೆಯಿಂದ ಇಳಿಯಿತು. ಆದರೆ ವಿಮಾನ ದಾರದ ಮೇಲೇ ಹೋಗಲ್ಲ. ಕ್ಯಾಬಿನ್ ಒತ್ತಡ ಹೋದರೆ ಹತ್ತು ಸಾವಿರ ಅಡಿಗೆ ಇಳಿಯಬೇಕು, ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸುತ್ತು ಹಾಕುತ್ತಾರೆ. ಇದಕ್ಕೆ ನಾನು ನೂರಕ್ಕೆ ನಾಲ್ಕು ಸೇರಿಸುತ್ತೇನೆ. ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿ, ಏರಲು-ಇಳಿಯಲು ಅಂತ ಮೇಲೆ ಅರ್ಧ ಗಂಟೆ. ಸುಮಾರು ಹದಿನಾರು ಮುಕ್ಕಾಲು ಗಂಟೆ ಬರುತ್ತದೆ. ಪೂರ್ವಕ್ಕೆ ಹೋಗುವಾಗ ಗಾಳಿ ಹಿಂದಿನಿಂದ ನೂಕುತ್ತದೆ, ಅಷ್ಟು ಕಳೆಯಬೇಕು. ಬರುವಾಗ ಕೂಡಿಸಬೇಕು. ಯಾವ ತಿಂಗಳಿಗೆ ಎಷ್ಟು ಅನ್ನೋದು ನನ್ನ ಡೈರಿಯಲ್ಲಿದೆ, ಅದು ಅಲ್ಲೇ ಇರಲಿ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ವಿಮಾನ ಶುರು ಮಾಡಿತು. ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ತಂದರು. ಹೋಗಲು 16, ಬರಲು ಹದಿನೇಳೂವರೆ ಗಂಟೆ ಅಂತ ಬರೆದಿಟ್ಟಿದ್ದೆ. ವೇಳಾಪಟ್ಟಿಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು! ಆ ದಿನದ ಖುಷಿ ಹೇಳತೀರದು.

ಗಡಿಯಾರದ ವಿಷಯದಲ್ಲೂ ಒಮ್ಮೆ ಎಡವಿದ್ದೇನೆ. ಅಲ್ಲಿಗೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಹನ್ನೆರಡೂವರೆ. ಇದನ್ನು ನೋಡದೆ ಹೇಳಿ, ಒಬ್ಬರ ಮಗ ಏರ್‌ಪೋರ್ಟ್‌ನಲ್ಲಿ ಒಂದು ಗಂಟೆ ಕಾದ.

ಆಗ ಉಸಾಬರಿ ಅಂದವರೇ ಈಗ ಕನೆಕ್ಷನ್ ಟಿಕೆಟ್ ಮಾಡುವ ಮುಂಚೆ ಫೋನ್ ಮಾಡ್ತಾರೆ. ಲಂಡನ್‌ಗೆ 19 ಸೆಂ.ಮೀ. ದಾರ ಆಗಿದೆ. ಸಿಡ್ನಿಯದು ಇನ್ನೂ ಗ್ಲೋಬ್ ಮೇಲೇ ಅಂಟಿದೆ.