ಹಾಜರಿ, ಕಾಣಿಕೆಗಳಾಚೆಗೆ ಸಭೆಯ ಆರೋಗ್ಯವನ್ನು ಪರಿಶೀಲಿಸುವ ಕ್ರಮ

ಭಾನುವಾರದ ಹಾಜರಿಯೂ ಕಾಣಿಕೆಯ ಮೊತ್ತವೂ ಏರುತ್ತಿದ್ದರೆ ಕ್ರೈಸ್ತ ಸಭೆ ಆರೋಗ್ಯವಾಗಿದೆಯೆಂದು ವಾರ್ಷಿಕ ವರದಿಯಲ್ಲಿ ಬರೆದುಬಿಡುವುದು ರೂಢಿ. ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ಓದಿದವರಿಗೆ ಈ ಲೆಕ್ಕ ಸಾಲದೆನಿಸಬೇಕು: ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ದಿನಗಳಲ್ಲಿಯೇ ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಭಾಷೆಯವರ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿತ್ತು. ಗೊಣಗಾಟ ಕೇಳಿಬಂದಾಗ ಸಭೆಯನ್ನು ನಡೆಸುತ್ತಿದ್ದ ಅಪೊಸ್ತಲರು ಅದನ್ನು ಅಡಗಿಸದೆ, ಏಳು ಮಂದಿಯನ್ನು ಆರಿಸಿಕೊಳ್ಳುವಂತೆ ಸಭೆಗೇ ಹೇಳಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ ಆಗಿರುವುದು ಗಮನಾರ್ಹ. ಆದ್ದರಿಂದ ಯಾರು ತಪ್ಪಿಹೋಗಿದ್ದಾರೆ, ಅದು ಸಭೆಗೆ ಎಷ್ಟು ಬೇಗ ತಿಳಿಯಿತು, ತಿಳಿದ ಮೇಲೆ ಏನು ಮಾಡಲಾಯಿತು ಎಂಬ ಪ್ರಶ್ನೆಗಳಿಂದಲೇ ಪರಿಶೀಲನೆ ಆರಂಭವಾಗಬೇಕು.

ಇದಕ್ಕೆ ಬೇಕಾದ ದಾಖಲೆ ಸಭೆಯ ಬೀರುವಿನಲ್ಲಿಯೇ ಇರುತ್ತದೆ. ಸುಮಾರು ಹತ್ತು ವರ್ಷಗಳ ಹಿಂದಿನ ದೃಢೀಕರಣದ (ದೀಕ್ಷಾಸ್ನಾನ ಪಡೆದವರು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ದೃಢಪಡಿಸುವ ವಿಧಿಯ) ರಿಜಿಸ್ಟರನ್ನು ತೆಗೆದು, ಅದರಲ್ಲಿರುವ ಒಬ್ಬೊಬ್ಬರೂ ಈಗ ಎಲ್ಲಿದ್ದಾರೆಂದು ವಿಚಾರಿಸಿರಿ. ಕೆಲಸಕ್ಕಾಗಿ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದವರನ್ನು ನಷ್ಟದ ಲೆಕ್ಕಕ್ಕೆ ಸೇರಿಸಬಾರದು. ಹೀಗೆ ಜನರನ್ನು ಕಳುಹಿಸಿಕೊಟ್ಟು ಇಪ್ಪತ್ತು ಮನೆಗಳಿಗೆ ಇಳಿದ ಹಳ್ಳಿಯ ಸಭೆ ಕಾಯಿಲೆ ಬಿದ್ದಿದೆಯೆಂದು ಹೇಳಲಾಗದು. ಅದೇ ಊರಿನಲ್ಲಿದ್ದೂ ಆರಾಧನೆಗೆ ಬಾರದವರ ಪಟ್ಟಿ ಮಾತ್ರ ಬೇರೆಯಾಗಿಯೇ ಇರಲಿ. ಅವರ ಮನೆಗೆ ಸಮಿತಿಯಲ್ಲಿ ಇಲ್ಲದ ಇಬ್ಬರು ಹೋಗಲಿ, ಮತ್ತೆ ಬನ್ನಿರೆಂದು ಒತ್ತಾಯಿಸದೆ, ಕಾರಣವನ್ನು ಪೂರ್ತಿಯಾಗಿ ಕೇಳಿಸಿಕೊಂಡು ಬರಲಿ. ಹಾಸಿಗೆ ಹಿಡಿದವರ ಮನೆಗೆ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸಗಳ ಸಂಸ್ಕಾರ) ಕಡೆಯ ಬಾರಿ ಯಾವಾಗ ತಲುಪಿತೆಂಬುದನ್ನೂ ಇದೇ ಸಂದರ್ಭದಲ್ಲಿ ಬರೆದುಕೊಳ್ಳಬೇಕು.

ಕಾಣಿಕೆಯ ವಿಷಯದಲ್ಲಿ ಒಟ್ಟು ಮೊತ್ತಕ್ಕಿಂತ, ಅದು ಎಷ್ಟು ಮನೆಗಳಿಂದ ಬಂದಿದೆ, ಕಟ್ಟಡಕ್ಕೆ ಎಷ್ಟು, ಬಡ ಮಕ್ಕಳ ಫೀಸಿಗೆ ಎಷ್ಟು ಹೋಗಿದೆ ಎಂಬುದು ಹೆಚ್ಚು ಹೇಳುತ್ತದೆ. ಲೆಕ್ಕ ಓದುವಾಗ ಸಾಮಾನ್ಯ ಸದಸ್ಯರೊಬ್ಬರು ಎದ್ದು ಪ್ರಶ್ನೆ ಕೇಳಬಲ್ಲರೇ ಎಂಬುದನ್ನೂ ನೋಡಿರಿ.

ನಮ್ಮಲ್ಲಿ ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆ ಜಾತಿಯದು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್, ಸಭೆಯೊಳಗೆ ಜಾತಿಭೇದಕ್ಕೆ ಎಡೆಯಿಲ್ಲವೆಂಬ ನಿಲುವು ತಳೆದಿತ್ತು; ಆದರೂ ಮದುವೆಯ ಮಾತುಕತೆ, ಸಮಿತಿಯ ಆಯ್ಕೆಗಳಲ್ಲಿ ಅದು ಇನ್ನೂ ಇಣುಕುವುದುಂಟು. ಹಿಂದಿನ ಕೆಲವು ಸಮಿತಿಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಯಾವ ಮನೆತನಗಳು ಮತ್ತೆ ಮತ್ತೆ ಬಂದಿವೆ, ಯಾವುವು ಒಮ್ಮೆಯೂ ಬಂದಿಲ್ಲ ಎಂಬುದು ಚರ್ಚೆಯಿಲ್ಲದೆಯೇ ಕಾಣುತ್ತದೆ.

ಸಭಾಪಾಲಕರು (ಪಾಸ್ಟರ್) ವರ್ಗಾವಣೆಯಾಗಿ ಹೋಗುವವರು. ಆದ್ದರಿಂದ ಈ ಕೆಲಸವನ್ನು ಅವರೊಬ್ಬರ ಮೇಲೆ ಹೊರಿಸದೆ, ಒಬ್ಬ ಮಹಿಳೆಯೂ ಒಬ್ಬ ಯುವಕನೂ ಇರುವ ಸಣ್ಣ ತಂಡಕ್ಕೆ ಒಪ್ಪಿಸಬೇಕು, ಮತ್ತು ಸಮಿತಿಯ ಚುನಾವಣೆ ಹತ್ತಿರವಿರುವಾಗ ಅದನ್ನು ಖಂಡಿತ ಕೈಗೆತ್ತಿಕೊಳ್ಳಬಾರದು. ಅಂಕ ಕೊಡುವುದೂ ನೆರೆಯ ಸಭೆಗೆ ಹೋಲಿಸುವುದೂ ಬೇಡ. ವ್ಯಕ್ತಿಗಳ ಹೆಸರುಗಳನ್ನು ಬಿಟ್ಟು ವರದಿಯನ್ನು ಇಡೀ ಸಭೆಯ ಮುಂದೆ ಓದಿ, ಆ ವರ್ಷ ಮಾಡಬೇಕಾದ ಒಂದೆರಡು ಕೆಲಸಗಳನ್ನು ಹೊಣೆಗಾರರ ಹೆಸರು, ಗಡುವುಗಳೊಡನೆ ನಿರ್ಣಯ ಪುಸ್ತಕದಲ್ಲಿ ದಾಖಲಿಸಿರಿ. ಮುಂದಿನ ವರ್ಷದ ಪರಿಶೀಲನೆ ಅದೇ ಪುಟದಿಂದ ತೊಡಗಲಿ.