ಇಂಗ್ಲೆಂಡಿನಲ್ಲಿ ಶುಗರ್ ಮಾತ್ರೆಗೆ ದುಡ್ಡು ಕೊಡುವುದು ನಿಂತಿದ್ದು ಹೀಗೆ

"ವೀಸಾದಲ್ಲಿರೋರಿಗೆ, ಅದೂ ಕೆಲಸದಲ್ಲಿರೋರಿಗೆ ಯಾರಪ್ಪಾ ಪುಕ್ಕಟೆ ಮಾತ್ರೆ ಕೊಡ್ತಾರೆ?" ಯುಗಾದಿ ಊಟಕ್ಕೆ ಕೂತಿದ್ದ ನಮ್ಮ ಕನ್ನಡದವರೆಲ್ಲ ಹೀಗೇ ಅಂದಿದ್ದರು. ಈಗ ಅವರಲ್ಲೇ ಮೂವರ ಹತ್ತಿರ ಮೆಡಿಕಲ್ ಎಕ್ಸೆಂಪ್ಶನ್ ಸರ್ಟಿಫಿಕೇಟ್, ಅಂದರೆ ಔಷಧಿಗೆ ದುಡ್ಡು ಕೊಡಬೇಕಿಲ್ಲ ಅನ್ನುವ ಕಾಗದ ಇದೆ. ಮೂವರ ಫಾರ್ಮನ್ನೂ ಪಕ್ಕದಲ್ಲಿ ಕೂತು ತುಂಬಿಸಿದ್ದು ನಾನೇ.

ಸರ್ಕಾರಿ ವೈದ್ಯಸೇವೆಗೆ ಅಂತ ವೀಸಾದ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ ಮೇಲೂ ಚೀಟಿಯಲ್ಲಿರುವ ಒಂದೊಂದು ಔಷಧಿಗೆ 9.90 ಪೌಂಡ್ ಬೇರೆ. ಸ್ಕಾಟ್ಲೆಂಡ್, ವೇಲ್ಸ್‌ನವರಿಗೆ ಈ ತಲೆನೋವೇ ಇಲ್ಲ, ಅಲ್ಲಿ ಎಲ್ಲರಿಗೂ ಉಚಿತ. ತಾಪತ್ರಯ ಇಂಗ್ಲೆಂಡಿನವರಿಗೆ ಮಾತ್ರ.

ಮೊದಲ ಸಲ ನಾನು ಎಡವಿದ್ದು ಅವಸರದಲ್ಲಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಇಲ್ಲಿನ ಅಳತೆಯಲ್ಲಿ 61 ಬಂದಿತ್ತು, ಶುಗರ್ ಇದೆ ಅಂತಾಯ್ತು. ಮೂರು ತಿಂಗಳು ಪಥ್ಯ ಮಾಡಿ ನೋಡೋಣ ಎಂದರು ಡಾಕ್ಟರು. ನಾನು ಅವತ್ತೇ ಫಾರ್ಮ್ ಕೇಳಿದೆ. ಆಗಲ್ಲ ಎಂದರು ನರ್ಸ್. ಬರೀ ಪಥ್ಯದಲ್ಲಿರುವವರಿಗೆ ಇದು ಸಿಗುವುದಿಲ್ಲ, ಮಾತ್ರೆಯೋ ಇನ್ಸುಲಿನ್ನೋ ಶುರುವಾಗಿರಬೇಕು. ಆ ಮೂರು ತಿಂಗಳು ಸುಮ್ನೆ ಕೂರಲಿಲ್ಲ. ದಿನಾ ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ಬರೆದಿಟ್ಟೆ. ದೊಡ್ಡ ಮುದ್ದೆ ನುಂಗಿದ ದಿನ ಶುಗರ್ ಅನ್ನದಷ್ಟೇ ಏರುತ್ತಿತ್ತು. ಅರ್ಧ ಮುದ್ದೆಗೆ ಸೊಪ್ಪಿನ ಪಲ್ಯ ಜಾಸ್ತಿ ಹಾಕಿಕೊಂಡರೆ ಎಷ್ಟೋ ವಾಸಿ. ಆದರೂ ಸಾಲಲಿಲ್ಲ, ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬಂತು. ಜೊತೆಗೆ ಕೊಲೆಸ್ಟ್ರಾಲಿಗೊಂದು, ಬಿಪಿಗೊಂದು. ತಿಂಗಳಿಗೆ ಹತ್ತಿರ ಹತ್ತಿರ 30 ಪೌಂಡ್.

ಎಫ್‌ಪಿ92ಎ ಅನ್ನುವ ಆ ಅರ್ಜಿ ಫಾರ್ಮ್ ಕೇಳಿದರೆ ಜಿಪಿ ಸರ್ಜರಿಯವರು (ಅಂದರೆ ನಮ್ಮ ಡಾಕ್ಟರ ಕ್ಲಿನಿಕ್ಕಿನವರು) ಫಾರ್ಮಸಿಗೆ ಕಳಿಸಿದರು, ಫಾರ್ಮಸಿಯವರು ಸರ್ಜರಿಗೇ ವಾಪಸ್ ಕಳಿಸಿದರು. ಅದು ಸಿಗುವುದು ಸರ್ಜರಿಯಲ್ಲೇ. ಕೊನೆಗೆ ಸಿಕ್ಕಿತು, ತುಂಬಿ ಅಲ್ಲಿನ ಡಬ್ಬಿಗೆ ಹಾಕಿ ಬಂದೆ. ಐದು ವಾರ ಕಾದೆ. ಕೇಳಿದರೆ ಅಂಥ ಫಾರ್ಮೇ ಇಲ್ಲ ಅಂದರು! ಅಷ್ಟರಲ್ಲಿ ಎರಡು ಸಲ ದುಡ್ಡು ಕೊಟ್ಟು ಮಾತ್ರೆ ತಂದಿದ್ದೆ. ಆ 60 ಪೌಂಡ್ ಹೋಯಿತು, ವಾಪಸ್ ಬರಲೇ ಇಲ್ಲ. ಯಾಕೆಂದರೆ ದುಡ್ಡು ಕೊಡುವಾಗಲೇ ಎಫ್‌ಪಿ57 ಅನ್ನುವ ರಸೀದಿ ಕೇಳಿ ಪಡೆಯಬೇಕು. ಆಮೇಲೆ ಕೇಳಿದರೆ ಕೊಡುವುದಿಲ್ಲ.

ಎರಡನೇ ಸಲ ಡಬ್ಬಿಯ ಸಹವಾಸ ಬಿಟ್ಟೆ. ಕೌಂಟರಿನಲ್ಲೇ ನಿಂತು, ಅಲ್ಲೇ ಸಹಿ ಮಾಡಿಸಿ, ಫೋಟೋ ಹೊಡೆದುಕೊಂಡು ಬಂದೆ. ಅವತ್ತೇ ಸಹಿ ಆಗಲು ರಿಸೆಪ್ಶನ್‌ನಲ್ಲಿ ಏನು ಹೇಳಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಸಿಕ್ಕಾಗ ಹೇಳ್ತೀನಿ. ಎರಡು ವಾರದೊಳಗೆ ಸರ್ಟಿಫಿಕೇಟ್ ಬಂತು. ಅರ್ಜಿ ಸರ್ಟಿಫಿಕೇಟ್ ಕೊಡುವ ಕಚೇರಿಯ ಕೈ ಸೇರಿದ ದಿನಕ್ಕಿಂತ ಒಂದು ತಿಂಗಳು ಹಿಂದಿನಿಂದಲೇ ಅದು ಜಾರಿ. ಈ ಸಲ ರಸೀದಿ ಇತ್ತು, ಕೊನೆಯ ಸಲ ಕೊಟ್ಟ ದುಡ್ಡು ಫಾರ್ಮಸಿಯಲ್ಲೇ ವಾಪಸ್ ಸಿಕ್ಕಿತು.

ಸರ್ಟಿಫಿಕೇಟ್ ಬರುವ ಮುಂಚೆ ಚೀಟಿಯ ಹಿಂದೆ ಉಚಿತ ಅಂತ ಟಿಕ್ ಮಾಡಬೇಡಿ. ನನ್ನ ಗೆಳೆಯ ಹೇಗೂ ಬರುತ್ತಲ್ವಾ ಅಂತ ಮಾಡಿದ. ಔಷಧಿಯ ಹಣದ ಮೇಲೆ 100 ಪೌಂಡ್ ದಂಡದ ಕಾಗದ ಮನೆಗೆ ಬಂತು. ಅವನ ಮುಖ ನೋಡಲಾಗಲಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ್ದು, ಈ ಸರ್ಟಿಫಿಕೇಟ್ ಶುಗರ್ ಮಾತ್ರೆಗಷ್ಟೇ ಅಲ್ಲ. ಚೀಟಿಯಲ್ಲಿ ಬರೆದ ಎಲ್ಲದಕ್ಕೂ ನಡೆಯುತ್ತದೆ. ಹಲ್ಲು ಊದಿಕೊಂಡಾಗ ಬರೆದ ಆಂಟಿಬಯಾಟಿಕ್‌ಗೂ ನಾನು ಕಾಸು ಕೊಡಲಿಲ್ಲ.

ಅದೇ ಗುಂಗಿನಲ್ಲಿ ಹೆಂಡತಿಯ ಥೈರಾಯ್ಡ್ ಮಾತ್ರೆಯ ಕಡೆ ಕಣ್ಣು ಹೋಯಿತು. ಥೈರಾಯ್ಡ್ ಕಮ್ಮಿ ಇದ್ದು ದಿನಾ ಹಾರ್ಮೋನ್ ಮಾತ್ರೆ ತಗೊಳ್ಳೋರಿಗೂ ಇದೇ ಫಾರ್ಮ್. ಅವಳು ಎರಡು ವರ್ಷ, ಇಡೀ ವರ್ಷದ ಔಷಧಿಗೆ ಅಂತ ವರ್ಷಕ್ಕೆ 110 ಪೌಂಡಿನ ಆಸುಪಾಸು ಮುಂಗಡ ಕಟ್ಟುತ್ತಿದ್ದಳು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರ್ಟಿಫಿಕೇಟ್ ನಡೆಯುವುದು ಐದು ವರ್ಷ. ಮನೆ ಬದಲಿಸಿದರೆ ವಿಳಾಸ ತಿಳಿಸಿ, ಇಲ್ಲದಿದ್ದರೆ ಅವಧಿ ಮುಗಿಯುವ ಮುಂಚೆ ಬರುವ ಕಾಗದ ಹಳೇ ಮನೆಗೆ ಹೋಗುತ್ತದೆ. ನಮ್ಮಿಬ್ಬರದೂ ಮುಗಿಯುವ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದು ಅಂಟಿಸಿದ್ದೇನೆ.